‘ಶೈಕ್ಷಣಿಕ’ ಅನ್ನುವ ಪದವೂ ಪಿ.ಟಿ. ಮೇಷ್ಟ್ರ ವಿಷಲ್ಲೂ

ನಾನು ನಿವೃತ್ತನಾದ ದಿನ ಶಾಲೆಯಲ್ಲಿ ಒಂದು ಸಣ್ಣ ಸಮಾರಂಭ ಮಾಡಿದರು. ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲ ಆಯಿತು. ಮಾತಾಡಿದವರೆಲ್ಲ ಒಬ್ಬರಾದ ಮೇಲೊಬ್ಬರು, ‘ಶೈಕ್ಷಣಿಕ ಕ್ಷೇತ್ರಕ್ಕೆ ಇವರು ಸಲ್ಲಿಸಿದ ಅಪಾರ ಸೇವೆ’ ಅಂದರು. ಕೂತಲ್ಲೇ ನನಗೆ ಮೈ ಉರಿದುಹೋಯಿತು. ಕೆಲಸಕ್ಕೆ ಸೇರಿದ ದಿನದಿಂದ ಆ ಪದದ ಹೊಸ್ತಿಲು ದಾಟಲು ನನ್ನನ್ನು ಬಿಡದವರು, ಹೊರಡುವ ದಿನ ಅದನ್ನೇ ಶಾಲಿನ ಜೊತೆಗೆ ಹೊದಿಸಿ ಕಳಿಸುತ್ತಿದ್ದಾರಲ್ಲ! ಎದ್ದು ನಾಲ್ಕು ಮಾತು ಕೇಳಿಬಿಡೋಣ ಅನ್ನಿಸಿತು. ಪಕ್ಕದಲ್ಲಿದ್ದ ನನ್ನ ಹೆಂಡತಿ ಮುಖ ನೋಡಿಯೇ ಅರ್ಥ ಮಾಡಿಕೊಂಡು, ‘ಇವತ್ತೊಂದಿನ ಸುಮ್ಕಿರಿ’ ಅಂತ ಮೊಣಕೈ ತಿವಿದಳು. ಅವತ್ತು ನುಂಗಿಕೊಂಡಿದ್ದನ್ನು ಈಗ ಮಧುಗಿರಿಯ ನನ್ನ ಮನೆ ಜಗಲಿಯಲ್ಲಿ ಕೂತು ಬರೆಯುತ್ತಿದ್ದೇನೆ. ಹೊಸದಾಗಿ ಈ ಕೆಲಸಕ್ಕೆ ಸೇರುತ್ತಿರುವ ಹುಡುಗ ಹುಡುಗಿಯರು ಓದಿದರೆ ಸಾಕು.

ನಾನು ಪಿ.ಟಿ. ಮೇಷ್ಟ್ರು. ಸರ್ಕಾರದ ಭಾಷೆಯಲ್ಲಿ ದೈಹಿಕ ಶಿಕ್ಷಣ ಶಿಕ್ಷಕ. ಹುದ್ದೆಯ ಹೆಸರಿನಲ್ಲಿ ಶಿಕ್ಷಣವೂ ಇದೆ, ಶಿಕ್ಷಕನೂ ಇದ್ದಾನೆ. ಆದರೂ ‘ಶೈಕ್ಷಣಿಕ’ ಅನ್ನುವ ಮಾತು ಬಂದ ಕೂಡಲೇ ನಮಗೆ ಬಾಗಿಲು ತೋರಿಸುತ್ತಾರೆ. ನಿಘಂಟಿನಲ್ಲಿ ನೋಡಿದರೆ ಅದರ ಅರ್ಥ ಬಹಳ ಸರಳ: ಶಿಕ್ಷಣಕ್ಕೆ ಸಂಬಂಧಪಟ್ಟಿದ್ದು, ಅಷ್ಟೇ. ಬಳಕೆಯಲ್ಲಿ ಮಾತ್ರ ಆ ಪದ ಯಾರನ್ನು ಒಳಗೆ ಬಿಡಬೇಕು, ಯಾರನ್ನು ಆಚೆ ತಳ್ಳಬೇಕು ಎಂದು ನೋಡುವ ಕಾವಲುಗಾರನ ಕೆಲಸ ಮಾಡುತ್ತದೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ನಾಲ್ಕೂ ತಾಲ್ಲೂಕು ಸೇರಿಸಿ ನಮ್ಮದನ್ನು ‘ಶೈಕ್ಷಣಿಕ ಜಿಲ್ಲೆ’ ಅಂತಲೇ ಮಾಡಿದ್ದಾರೆ. ಕಂದಾಯಕ್ಕೆ ನಾವು ತುಮಕೂರಿನವರು, ಓದಿಗೆ ಮಧುಗಿರಿಯವರು. ನನ್ನ ನೌಕರಿ ಪೂರ್ತಿ ಈ ನಾಲ್ಕು ತಾಲ್ಲೂಕಿನೊಳಗೇ ಮುಗಿಯಿತು. ಹಾಗಾಗಿ ಆ ಪದದ ಆಟವನ್ನು ನಾನು ಹತ್ತಿರದಿಂದಲೇ ನೋಡಿದ್ದೇನೆ.

ಮೊದಲ ನೇಮಕ ಕೊರಟಗೆರೆ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ. ಹೊಸ ಟ್ರ್ಯಾಕ್ ಪ್ಯಾಂಟು, ಕೊರಳಲ್ಲಿ ವಿಷಲ್, ಚೀಲದಲ್ಲಿ ಸ್ವಂತ ದುಡ್ಡಿನಲ್ಲಿ ತಂದ ವಾಲಿಬಾಲು. ಏನು ಹುರುಪು, ಏನು ಕಥೆ! ಮೊದಲ ಶನಿವಾರ ಸಿಬ್ಬಂದಿ ಸಭೆ ಕರೆದರು. ನಾನೂ ಒಂದು ಕುರ್ಚಿ ಎಳೆದುಕೊಂಡು ಕೂತೆ.

“ಮೇಷ್ಟ್ರೇ, ಇದು ಶೈಕ್ಷಣಿಕ ಸಭೆ,” ಅಂದರು ಹೆಡ್‌ಮಾಸ್ಟರು, ನಗುನಗುತ್ತಲೇ. “ನೀವು ಆಚೆ ಮಕ್ಕಳು ಗಲಾಟೆ ಮಾಡ್ದಂಗೆ ಒಸಿ ನೋಡ್ಕೊಳಿ.”

ಎದ್ದು ಹೋದೆ. ಅಟೆಂಡರ್ ನನ್ನ ಪಾಲಿನ ಟೀ ಲೋಟವನ್ನು ಕಿಟಕಿಯಿಂದ ಕೊಟ್ಟ. ಅದನ್ನು ಮೈದಾನದಲ್ಲಿ ನಿಂತು ಕುಡಿದೆ. ಅವಮಾನ ಅಂತ ಅವತ್ತು ಗೊತ್ತೇ ಆಗಲಿಲ್ಲ ನೋಡಿ. ಹೊಸಬ, ಹೀಗೇ ಇರಬೇಕೇನೋ ಅಂದುಕೊಂಡೆ. ಕೋಪ ಬಂದಿದ್ದು ದೀಪಾವಳಿ ಕಳೆದ ಮೇಲೆ. ಗಣಿತದವರು ಬಂದರು, “ಪೋರ್ಷನ್ ಮುಗಿದಿಲ್ಲ ಸಾರ್, ಒಂದು ಪಿರಿಯಡ್ ಕೊಡಿ.” ಕೊಟ್ಟೆ. ಇಂಗ್ಲಿಷಿನವರು ಬಂದರು, ಕೊಟ್ಟೆ. ವಿಜ್ಞಾನದವರು ಕೇಳಲೂ ಇಲ್ಲ, ತಾವೇ ಹೋಗಿ ಕ್ಲಾಸಿನಲ್ಲಿ ನಿಂತರು. ಸಂಕ್ರಾಂತಿ ಹೊತ್ತಿಗೆ ನನ್ನ ಪಿರಿಯಡ್ಡು ವೇಳಾಪಟ್ಟಿಯಲ್ಲಿತ್ತು, ಮೈದಾನದಲ್ಲಿ ಇರಲಿಲ್ಲ. ಕಿಟಕಿಯ ಸರಳು ಹಿಡಿದು ಮಕ್ಕಳು ನನ್ನನ್ನು ನೋಡುತ್ತಿದ್ದ ನೋಟ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಅದಕ್ಕೇ ಹೇಳುತ್ತೇನೆ, ಹೊಸಬರೇ, ನಿಮ್ಮ ಪಿರಿಯಡ್ ಯಾರಿಗೂ ಕೊಡಬೇಡಿ. ಅದು ನಿಮ್ಮದಲ್ಲ, ಮಕ್ಕಳದು.

ಇನ್ನು ನಮ್ಮ ಪಾಲಿಗೆ ಬರುವ ಕೆಲಸಗಳೋ! ಬೆಳಗಿನ ಪ್ರಾರ್ಥನೆ ನಡೆಸುವುದು, ಬಿಸಿಯೂಟದ ಸಾಲು ನೋಡಿಕೊಳ್ಳುವುದು, ಜಗಳ ಬಿಡಿಸುವುದು, ಜ್ವರ ಬಂದ ಮಗುವನ್ನು ಬೈಕಿನ ಹಿಂದೆ ಕೂರಿಸಿಕೊಂಡು ಮನೆಗೆ ಬಿಡುವುದು. ಇದ್ಯಾವುದೂ ಶೈಕ್ಷಣಿಕ ಅಲ್ಲವಂತೆ. ಹಿಂದೆ ಲೇಜಿಮ್, ಡಂಬೆಲ್ಸ್ ಅಂತ ಒಂದಿಷ್ಟು ಗೌರವವಾದರೂ ಇತ್ತು. ಬರುಬರುತ್ತಾ ಎಲ್ಲ ಫೋಟೋ ಆಯಿತು. ಮಕ್ಕಳು ಯೋಗ ಮಾಡಿದರೆ ಸಾಲದು, ಮಾಡಿದ ಫೋಟೋ ವಾಟ್ಸಾಪ್ ಗ್ರೂಪಿಗೆ ಹೋಗಬೇಕು. ಫೋಟೋ ಹೋಯಿತು ಅಂದರೆ ಯೋಗ ಮಾಡದಿದ್ದರೂ ಕೇಳುವವರಿಲ್ಲ.

ಕೊರಟಗೆರೆಯಿಂದ ಶಿರಾ ತಾಲ್ಲೂಕಿಗೆ ವರ್ಗವಾಯಿತು, ಬುಕ್ಕಾಪಟ್ಟಣದ ಕಡೆಯ ಒಂದು ಶಾಲೆಗೆ. ಅಲ್ಲಿ ಪ್ರವಾಸದ ಹೊಣೆ ನನ್ನ ತಲೆಗೆ ಕಟ್ಟಿದರು. ಅನುಮತಿ ಕೇಳುವಾಗ ಬರೀ ಪ್ರವಾಸ ಅನ್ನುವ ಹಾಗಿಲ್ಲ, ‘ಶೈಕ್ಷಣಿಕ ಪ್ರವಾಸ’ ಅನ್ನಬೇಕು. ಚಿತ್ರದುರ್ಗದ ಕೋಟೆಗೆ ಹೊರಟೆವು. ಹಿಂದಿನ ದಿನ ಅಲ್ಲಿನ ಹೆಡ್‌ಮಾಸ್ಟರು ಕರೆದು, ಪರೀಕ್ಷೆಯಲ್ಲಿ ಫೇಲಾದವರನ್ನು ಬಸ್ಸಿಗೆ ಹತ್ತಿಸಬೇಡಿ, ಅವರಿಗೆ ಸ್ಪೆಷಲ್ ಕ್ಲಾಸ್ ಇದೆ ಅಂದರು. ಅವರು ಶೈಕ್ಷಣಿಕವಾಗಿ ಹಿಂದುಳಿದವರಂತೆ.

“ಸಾರ್, ಪ್ರವಾಸ ಶೈಕ್ಷಣಿಕ ತಾನೇ? ಹಂಗಾದ್ರೆ ಹಿಂದುಳಿದವರನ್ನೇ ಮೊದಲು ಹತ್ತಿಸ್ಬೇಕಲ್ವಾ?”

“ನಿಮ್ಮ ಜೊತೆ ಇದೇ ಆಯ್ತು ಕಣ್ರೀ. ಹೇಳಿದಷ್ಟು ಮಾಡಿ.”

ಬೆಳಿಗ್ಗೆ ಬಸ್ ಹೊರಡುವಾಗ ಆ ಮಕ್ಕಳು ಗೇಟಿನ ಹತ್ತಿರ ಸಾಲಾಗಿ ನಿಂತಿದ್ದರು. ನನ್ನ ಮುಖ ಗಂಟಾಗಿದ್ದನ್ನು ನೋಡಿ ಅವರಲ್ಲೊಬ್ಬ ನನ್ನನ್ನೇ ಸಮಾಧಾನ ಮಾಡಿದ. “ಬುಡಿ ಸಾ. ನಮ್ಮಪ್ಪ ಕಡ್ಲೇಕಾಯಿ ಲಾರೀಲಿ ಓಗ್ತಾನೆ, ನಾನು ದುರ್ಗ ನೋಡೀವ್ನಿ.” ಸುಳ್ಳು ಅಂತ ಅವನಿಗೂ ಗೊತ್ತು, ನನಗೂ ಗೊತ್ತು.

ಆ ಪ್ರವಾಸದಲ್ಲೇ ನನ್ನಿಂದ ಒಂದು ಎಡವಟ್ಟೂ ಆಯಿತು, ಹೇಳದಿದ್ದರೆ ಹೇಗೆ. ಕೋಟೆಯಲ್ಲಿ ಅವತ್ತು ನಾಲ್ಕಾರು ಶಾಲೆಯ ಮಕ್ಕಳಿದ್ದರು. ಸರ್ಕಾರಿ ಶಾಲೆ ಅಂದಮೇಲೆ ಎಲ್ಲರದೂ ಒಂದೇ ಸಮವಸ್ತ್ರ. ಸಂಜೆ ಬಸ್ ಹತ್ತಿಸಿ ತಲೆ ಎಣಿಸಿದೆ, ಸರಿಯಾಗಿತ್ತು. ಹಿರಿಯೂರು ದಾಟುವಾಗ ಹಿಂದಿನ ಸೀಟಿನಲ್ಲಿ ಒಬ್ಬ ಹುಡುಗ ಅಳುವುದಕ್ಕೆ ಶುರು ಮಾಡಿದ. ನೋಡಿದರೆ ಅವನು ನಮ್ಮವನೇ ಅಲ್ಲ! ನಮ್ಮ ಹುಡುಗ ಇನ್ನೊಂದು ಶಾಲೆಯ ಬಸ್ಸಿನಲ್ಲಿ ನೆಮ್ಮದಿಯಾಗಿ ನಿದ್ದೆ ಹೊಡೆಯುತ್ತಿದ್ದ. ಅವರ ಬಸ್ಸಿನ ಮೇಷ್ಟ್ರಿಗೂ ಎಣಿಕೆ ಸರಿಯಾಗಿಯೇ ಇತ್ತಂತೆ. ಹೆದ್ದಾರಿ ಪಕ್ಕದ ಡಾಬಾದಲ್ಲಿ ನಿಂತು ಮಕ್ಕಳನ್ನು ಅದಲು ಬದಲು ಮಾಡಿಕೊಂಡೆವು. ಮಾರನೇ ದಿನ ಹೆಡ್‌ಮಾಸ್ಟರು ಉಗಿದು ಉಪ್ಪಿನಕಾಯಿ ಹಾಕಿದರು. ಅಲ್ಲಿಂದ ಮುಂದೆ ನಾನು ತಲೆ ಎಣಿಸುವುದನ್ನೇ ಬಿಟ್ಟೆ. ಹಾಜರಿ ಪ್ರಕಾರ ಹೆಸರು ಕೂಗಿ ಮುಖ ನೋಡುವುದನ್ನು ರೂಢಿ ಮಾಡಿಕೊಂಡೆ.

ಆ ರೂಢಿ ಕೆಲಸಕ್ಕೆ ಬಂದಿದ್ದು ಪಾವಗಡ ತಾಲ್ಲೂಕಿನಲ್ಲಿ, ನಾನು ಕೊನೆಯವರೆಗೂ ಇದ್ದ ಶಾಲೆಯಲ್ಲಿ. ಊರಿನ ಹೆಸರು ಬೇಡ. ಸುತ್ತಮುತ್ತಲ ಜಮೀನನ್ನೆಲ್ಲ ಸೋಲಾರ್‌ಗೆ ಗುತ್ತಿಗೆ ಕೊಟ್ಟ ಹಳ್ಳಿಗಳು. ಶಾಲೆಯ ಗೋಡೆ ಮೇಲೆ ಹತ್ತಿ ನಿಂತರೆ ಕಣ್ಣು ಹಾಯುವಷ್ಟು ದೂರ ಬರೀ ಗಾಜು. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಎರಡೂ ಬೆರೆತಿದ್ದು, ಶಾಲೆಯಲ್ಲಿ ಕನ್ನಡ. ಹೀಗೆ ಬೆಳೆದ ಮಕ್ಕಳು.

ಬೆಳಗಿನ ಪ್ರಾರ್ಥನೆಯಲ್ಲಿ ನಾಡಗೀತೆ ಆದಮೇಲೆ ‘ದಿನಕ್ಕೊಂದು ಪದ’ ಅಂತ ಒಂದು ಕಾರ್ಯಕ್ರಮವಿತ್ತು. ಒಂದು ಮಗು ಮುಂದೆ ಬಂದು ಮೈಕಿನಲ್ಲಿ ಒಂದು ಪದ ಹೇಳಬೇಕು, ಅದರ ಅರ್ಥ ಹೇಳಬೇಕು, ಆಮೇಲೆ ಅದನ್ನು ಸ್ವಂತ ವಾಕ್ಯದಲ್ಲಿ ಬಳಸಬೇಕು. ಎಲ್ಲರೂ ಚಪ್ಪಾಳೆ ತಟ್ಟಬೇಕು. ನಾನು ಹೋದಾಗ ಇದನ್ನು ಮೂರ್ನಾಲ್ಕು ಜಾಣ ಮಕ್ಕಳು ತಮ್ಮತಮ್ಮಲ್ಲೇ ಹಂಚಿಕೊಂಡಿದ್ದರು. ನಾನು ಅದನ್ನು ಹಾಜರಿ ಕ್ರಮಕ್ಕೆ ಬದಲಾಯಿಸಿದೆ. ಇವತ್ತು ಈ ಹೆಸರು, ನಾಳೆ ಮುಂದಿನ ಹೆಸರು, ಯಾರನ್ನೂ ಬಿಡುವ ಹಾಗಿಲ್ಲ.

ಕನ್ನಡದ ವನಜಾಕ್ಷಿ ಮೇಡಂ ಒಳ್ಳೆಯವರೇ. ಆದರೂ ಅವರಿಗೆ ಆತಂಕ. “ಸಾರ್, ಕೆಲವು ಮಕ್ಕಳಿಗೆ ಒಂದು ವಾಕ್ಯ ನೆಟ್ಟಗೆ ಬರಲ್ಲ. ಎಲ್ಲರ ಮುಂದೆ ತಡವರಿಸ್ತಾವೆ.”

“ತಡವರಿಸ್ಲಿ ಬಿಡಿ ಮೇಡಂ. ಮೈಕಿಗೇನು ಗಾಯ ಆಗಲ್ಲ.”

ಹೆಡ್‌ಮಾಸ್ಟರ್ ಚಂದ್ರಶೇಖರಯ್ಯನವರು ಇದನ್ನು ಕಿವಿ ಮೇಲೂ ಹಾಕಿಕೊಳ್ಳಲಿಲ್ಲ. ಪ್ರಾರ್ಥನೆ ಶೈಕ್ಷಣಿಕ ಅಲ್ಲವಲ್ಲ, ಏನಾದರೂ ಮಾಡಿಕೊಳ್ಳಲಿ ಅಂತ ಬಿಟ್ಟರು. ಅವರಿಗೆ ಇದ್ದದ್ದು ಒಂದೇ ಚಿಂತೆ, ಹತ್ತನೇ ತರಗತಿಯ ಫಲಿತಾಂಶ. ಹಿಂದಿನ ವರ್ಷ ಶೇಕಡಾ ನೂರು ಬಂದಿತ್ತು. ಗೇಟಿನ ಮೇಲೆ ಫ್ಲೆಕ್ಸ್ ಕಟ್ಟಿಸಿದ್ದರು, ‘ಶೈಕ್ಷಣಿಕ ಸಾಧನೆಯ ಶಿಖರ’ ಅಂತ, ಪಕ್ಕದಲ್ಲಿ ಅವರದೇ ಫೋಟೋ.

ದಸರಾ ರಜೆ ಮುಗಿದ ಮೇಲೆ ಹತ್ತನೆಯವರನ್ನು ಎ, ಬಿ, ಸಿ ಅಂತ ಗುಂಪು ಮಾಡುತ್ತಾರೆ. ಸಿ ಅಂದರೆ ಪಾಸಾಗುವುದು ಅನುಮಾನ ಅಂತ. ಆ ಸಿ ಗುಂಪಿನ ಮಕ್ಕಳನ್ನು ಮೇಷ್ಟ್ರುಗಳಿಗೆ ‘ದತ್ತು’ ಕೊಡುತ್ತಾರೆ. ದತ್ತು ತಗೊಂಡವರು ಮುಂಜಾನೆ ಐದಕ್ಕೆ ಫೋನ್ ಮಾಡಿ ಆ ಮಗುವನ್ನು ಎಬ್ಬಿಸಿ ಓದಲು ಕೂರಿಸಬೇಕು. ಎಲ್ಲರೂ ಆರಿಸಿಕೊಂಡು ಕೊನೆಗೆ ಉಳಿದವಳು ಶ್ರಾವಣಿ. ಅವಳನ್ನು ನನಗೆ ಕೊಟ್ಟರು.

ಇಲ್ಲಿ ನಿಲ್ಲಿಸಿ ಒಂದು ಮಾತು ಹೇಳಿಬಿಡುತ್ತೇನೆ. ಪಿ.ಟಿ. ಮೇಷ್ಟ್ರು ಕಥೆ ಹೇಳುತ್ತಿದ್ದಾನೆ, ಓದಿನಲ್ಲಿ ಹಿಂದಿದ್ದ ಆ ಹುಡುಗಿ ಓಟದಲ್ಲಿ ರಾಜ್ಯಮಟ್ಟಕ್ಕೆ ಹೋದಳು ಅಂತ ಹೇಳುತ್ತಾನೆ ಅಂದುಕೊಂಡಿದ್ದರೆ ಮರೆತುಬಿಡಿ. ಶ್ರಾವಣಿಗೆ ಓಡಲು ಬರುತ್ತಿರಲಿಲ್ಲ. ಖೊಖೋದಲ್ಲಿ ಅವಳು ಕೂತ ಜಾಗದಿಂದ ಏಳುವ ಹೊತ್ತಿಗೆ ಎದುರಾಳಿ ಕಂಬ ಸುತ್ತಿ ಬಂದಿರುತ್ತಿದ್ದಳು. ಹಾಡು ಇಲ್ಲ, ರಂಗೋಲಿ ಇಲ್ಲ, ಭಾಷಣ ಮೊದಲೇ ಇಲ್ಲ. ಅವಳು ಮಾಡುತ್ತಿದ್ದ ಕೆಲಸ ಒಂದೇ, ದಿನಾ ಶಾಲೆಗೆ ಬರುವುದು. ಮಳೆ ಇರಲಿ, ಹಬ್ಬದ ಮಾರನೇ ದಿನ ಇರಲಿ, ಬರುತ್ತಿದ್ದಳು. ಶಾಲೆಯಲ್ಲಿ ಇರಲು ಮಗುವಿಗೆ ಇನ್ನೇನು ಬೇಕ್ರೀ? ಏನಾದರೊಂದು ಪ್ರತಿಭೆ ತೋರಿಸಿದರೆ ಮಾತ್ರ ಗೇಟು ತೆಗೆಯುತ್ತೀವಿ ಅನ್ನೋದಕ್ಕೆ ಇದೇನು ಸರ್ಕಸ್ ಕಂಪನಿಯಾ?

ಮೊದಲ ದಿನ ಮುಂಜಾನೆ ಅಲಾರಂ ಇಟ್ಟುಕೊಂಡು ಎದ್ದು ಫೋನ್ ಮಾಡಿದೆ. ಎತ್ತಿದ್ದು ಅಜ್ಜಿ ಓಬಳಮ್ಮ. ತಂದೆ ತಾಯಿ ಹಿಂದೂಪುರದ ಕಡೆ ಕೆಲಸದಲ್ಲಿದ್ದರು, ಶ್ರಾವಣಿಯನ್ನೂ ಅವಳ ಪುಟ್ಟ ತಂಗಿ ಸಿಂಧುವನ್ನೂ ನೋಡಿಕೊಳ್ಳುತ್ತಿದ್ದವಳು ಈ ಅಜ್ಜಿ.

“ಏಮ್ ಸಾರೂ, ಕೋಳಿ ಕೂಗೋಕ್ ಮುಂಚೆ ನೀವೇ ಕೂಗ್ತೀರಲ್ಲ!”

ಫೋನು ಶ್ರಾವಣಿ ಕೈಗೆ ಹೋಯಿತು. “ಸಾರ್, ನಾನು ಆಗ್ಲೇ ಎದ್ದಿವ್ನಿ. ಕಸ ಗುಡಿಸಿ ನೀರಿಡ್ಕೊಂಡು ಬಂದೆ. ನೀವು ಈಗ ಎದ್ರಾ ಸಾರ್?”

ದಿನಾ ಇದೇ ಆಯಿತು. ಎಬ್ಬಿಸಬೇಕಾದವನು ನಾನು, ಎಬ್ಬಿಸಿಕೊಳ್ಳುತ್ತಿದ್ದವನೂ ನಾನೇ. ಓದಿದೆಯಾ ಅಂದರೆ ಓದಿದೆ ಅನ್ನುತ್ತಿದ್ದಳು. ಓದುತ್ತಿದ್ದಳು ಕೂಡ. ತಲೆಗೆ ಹೋಗುವುದು ನಿಧಾನವಾಗಿತ್ತು. ಗಣಿತವಂತೂ ಅವಳಿಗೆ ಕಗ್ಗಲ್ಲು.

ಒಂದು ದಿನ ಮನೆ ಭೇಟಿ ಅಂತ ಅವರ ಮನೆಗೆ ಹೋದೆ. ಓಬಳಮ್ಮ ಮಜ್ಜಿಗೆ ಕೊಟ್ಟು ಪಕ್ಕದಲ್ಲಿ ಕೂತಳು. “ಪೀಟಿ ಸಾರೂ, ಮಡಕಶಿರಾದಾಗೆ ಇವಳ ಮೇನಮಾವ ಅವ್ನೆ, ಇವಳಮ್ಮನ ಅಣ್ಣ. ಮಗನಿಗೆ ಕೊಡಿ ಕೊಡಿ ಅಂತ ಪ್ರಾಣ ತಿಂತಾವ್ನೆ. ಸ್ಕೂಲಿಗೆ ಓಗ್ತಾಳೆ, ಈಗ್ಲೇ ಆಗಾಕಿಲ್ಲ ಅಂತ ಹೇಳ್ಕೊಂಡು ಬಾಯಿ ಮುಚ್ಚಿಸಿವ್ನಿ. ಆ ಬ್ಯಾಗು ಬೆನ್ಮ್ಯಾಗೆ ಇರೋಗಂಟ ನಂಗೆ ಧೈರ್ಯ.” ಅವಳು ಹೇಳಿದ್ದು ಅಷ್ಟೇ. ಶಾಲೆ ಬಿಟ್ಟ ದಿನ ಆ ಹುಡುಗಿಯ ಕುತ್ತಿಗೆಗೆ ತಾಳಿ ಬೀಳುತ್ತದೆ ಎಂದು ನನಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಅವಳಿಗಿನ್ನೂ ಹದಿನಾರು ತುಂಬಿರಲಿಲ್ಲ.

ಅದಾಗಿ ಸ್ವಲ್ಪ ದಿನಕ್ಕೆ ಚಂದ್ರಶೇಖರಯ್ಯನವರು ಎಲ್ಲೋ ಸಭೆಗೆ ಹೋಗಿಬಂದರು. ಬಂದವರೇ ಓಬಳಮ್ಮನನ್ನು ಕರೆಸಿದರು. ದತ್ತು ಮೇಷ್ಟ್ರು ಅಂತ ನನ್ನನ್ನೂ ಕರೆದರು. ಶ್ರಾವಣಿ ಬಾಗಿಲ ಹತ್ತಿರ ನಿಂತಿದ್ದಳು.

“ನೋಡಮ್ಮ,” ಅಂದರು, ದನಿಯಲ್ಲಿ ಬೆಣ್ಣೆ. “ಶೈಕ್ಷಣಿಕವಾಗಿ ನಿಮ್ಮ ಹುಡುಗಿ ಬಹಳ ಹಿಂದಿದ್ದಾಳೆ. ಶೈಕ್ಷಣಿಕ ವರ್ಷದಲ್ಲಿ ಉಳಿದಿರೋದು ಕೆಲವೇ ತಿಂಗಳು. ಅವಳ ಶೈಕ್ಷಣಿಕ ಹಿತದೃಷ್ಟಿಯಿಂದ್ಲೇ ಹೇಳ್ತಿದೀನಿ, ಟಿ.ಸಿ. ತಗೊಂಡ್ಬಿಡಿ. ಆಮೇಲೆ ನಿಧಾನಕ್ಕೆ ಓದ್ಕೊಂಡು ಪ್ರೈವೇಟಾಗಿ ಪರೀಕ್ಷೆ ಕಟ್ಲಿ.”

ಓಬಳಮ್ಮನಿಗೆ ಅಷ್ಟು ದೊಡ್ಡ ಮಾತು ಅರ್ಥವಾಗಲಿಲ್ಲ. ಆದರೆ ಇಷ್ಟು ಮೆತ್ತಗೆ ಮಾತಾಡುವವರು ಕೆಟ್ಟದ್ದು ಹೇಳುತ್ತಾರೆ ಅಂತ ಯಾರು ಅಂದುಕೊಳ್ಳುತ್ತಾರೆ? “ನೀವು ಓದ್ದೋರು ಸಾರೂ, ನಿಮ್ಗೆ ತಿಳೀತದೆ,” ಅಂದಳು. ಮುಂದಿನ ವಾರ ಬಂದು ಟಿ.ಸಿ. ತಗೊಂಡು ಹೋಗುವುದು ಅಂತ ತೀರ್ಮಾನವಾಯಿತು.

ಅವರಿಬ್ಬರೂ ಆಚೆ ಹೋದ ಮೇಲೆ ನನ್ನ ತಾಳ್ಮೆ ಕಿತ್ತುಹೋಯಿತು. “ಸಾರ್, ಪ್ರೈವೇಟು ಅಂತ ಆಚೆ ಕಳಿಸಿದ ಹೆಣ್ಣುಮಕ್ಕಳಲ್ಲಿ ಒಬ್ಬಳಾದ್ರೂ ಬಂದು ಪರೀಕ್ಷೆ ಬರ್ದಿದ್ದಾಳಾ? ನಮ್ಮ ಫ್ಲೆಕ್ಸಿಗೋಸ್ಕರ ಆ ಮಗು ಬಾಳು ಹಾಳು ಮಾಡ್ತೀರಲ್ಲ, ನಿಮ್ಮ ಮನೇಲೂ ಹೆಣ್ಣುಮಕ್ಕಳಿಲ್ವಾ?”

“ಮೆತ್ತಗೆ ಮಾತಾಡಿ ಕಣ್ರೀ. ನಿಮಗೇನು, ಮೈದಾನ. ಫಲಿತಾಂಶ ಕಮ್ಮಿ ಬಂದ್ರೆ ಸಭೆಯಲ್ಲಿ ಎಲ್ಲರ ಮುಂದೆ ಎದ್ದು ನಿಲ್ಲಿಸ್ತಾರೆ. ಈ ವಯಸ್ಸಲ್ಲಿ ನಾನು ಹುಡುಗನ ಥರ ಕೈಕಟ್ಕೊಂಡು ನಿಂತ್ಕೋಬೇಕಾ?”

ಅವರ ಕಣ್ಣಂಚು ಒದ್ದೆಯಾಗಿತ್ತು. ಸುಳ್ಳು ಯಾಕೆ ಹೇಳಲಿ, ಒಂದು ಗಳಿಗೆ ನನಗೂ ಅಯ್ಯೋ ಅನ್ನಿಸಿತು. ಅವರನ್ನು ನಿಲ್ಲಿಸುವವರ ಮೇಲೂ ಸಿಟ್ಟು ಬಂತು. ಆದರೆ ಅದಕ್ಕಾಗಿ ಒಬ್ಬ ಹುಡುಗಿಯನ್ನು ಬಲಿ ಕೊಡುವುದಾ? “ನಿಂತ್ಕೊಳಿ ಸಾರ್. ಅರ್ಧ ಗಂಟೆ ನಿಂತ್ರೆ ಕಾಲು ಸವೆಯಲ್ಲ. ಈ ಮಗು ಆಚೆ ಹೋದ್ರೆ ಮತ್ತೆ ಒಳಗೆ ಬರಲ್ಲ,” ಅಂದೆ.

“ಇದು ಶೈಕ್ಷಣಿಕ ವಿಷಯ. ನೀವು ತಲೆ ಹಾಕ್ಬೇಡಿ,” ಅಂದರು. ಅಷ್ಟಕ್ಕೆ ಮಾತು ಮುಗಿಯಿತು.

ಆ ವಾರವೆಲ್ಲ ನಾನು ಹಲ್ಲು ಕಡಿದುಕೊಂಡೇ ಓಡಾಡಿದೆ. ಓಬಳಮ್ಮನ ಮನೆಗೆ ಹೋಗಿ ಬೇಡ ಅಂದೆ. “ಎಡ್‌ಮಾಸ್ಟ್ರೇ ಅಂದಮ್ಯಾಗೆ ನಾನೇನ್ ಮಾಡ್ಲಿ ಸಾರೂ,” ಅಂದಳು. ಮಾರನೇ ದಿನ ಶ್ರಾವಣಿ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ವನಜಾಕ್ಷಿ ಮೇಡಂ ಹತ್ತಿರ ಏನೋ ಕೇಳುತ್ತಿದ್ದಳು, ಮೇಡಂ ಹೇಳಿಕೊಡುತ್ತಿದ್ದರು. ನಾನು ಗಮನ ಕೊಡಲಿಲ್ಲ. ಪದ ಹೇಳುವ ಮಕ್ಕಳು ಮೊದಲು ಕನ್ನಡದವರ ಹತ್ತಿರ ಅರ್ಥ ಕೇಳಿಕೊಂಡು ಬರುವುದು ರೂಢಿ.

ಟಿ.ಸಿ. ಕೊಡುವ ದಿನ ಬಂತು. ಓಬಳಮ್ಮ ಬೆಳಿಗ್ಗೆಯೇ ಬಂದು ಬೇವಿನ ಮರದ ಕೆಳಗೆ ಕೂತಿದ್ದಳು. ಶ್ರಾವಣಿ ಮಾತ್ರ ಎಂದಿನಂತೆ ಸಮವಸ್ತ್ರ ಹಾಕಿ, ಬ್ಯಾಗು ಹೊತ್ತು, ಎಣ್ಣೆ ಹಚ್ಚಿ ಎರಡು ಜಡೆ ಹಾಕಿಕೊಂಡು ಹತ್ತನೆಯವರ ಸಾಲಿನಲ್ಲಿ ನಿಂತಿದ್ದಳು. ನಾನು ಹಾಜರಿ ನೋಡಿದೆ. ‘ದಿನಕ್ಕೊಂದು ಪದ’ ಅವತ್ತು ಅವಳದೇ ಸರದಿ. ಇದು ನಾನು ಹೂಡಿದ ಆಟ ಅಂತ ಆಮೇಲೆ ಎಲ್ಲರೂ ಅಂದರು. ನನ್ನಾಣೆಗೂ ಅಲ್ಲ. ಹಿಂದಿನ ದಿನ ಅವಳ ಹಿಂದಿನ ಹೆಸರು ಆಗಿತ್ತು, ಅವತ್ತು ಅವಳ ಹೆಸರು ಬಂತು. ಕೂಗಿದೆ.

ಅವಳು ಬಂದು ಮೈಕ್ ಮುಂದೆ ನಿಂತಳು. ನಾನು ಮೈಕನ್ನು ಅವಳ ಎತ್ತರಕ್ಕೆ ಇಳಿಸಿಕೊಟ್ಟೆ.

“ಎಲ್ಲರಿಗೂ ಶುಭೋದಯ. ಇಂದಿನ ಪದ, ಶೈಕ್ಷಣಿಕ.” ತಡವರಿಸಿದಳು. ‘ಕ್ಷ’ ಹತ್ತಿರ ನಾಲಿಗೆ ಸಿಕ್ಕಿಕೊಂಡಿತು, ಇನ್ನೊಂದು ಸಲ ಹೇಳಿದಳು. “ಅರ್ಥ, ಕಲಿಯುವುದಕ್ಕೆ ಸಂಬಂಧಪಟ್ಟಿದ್ದು. ಸ್ವಂತ ವಾಕ್ಯ. ಹೆಡ್‌ಮಾಸ್ಟರ್ ಸಾರ್ ಅವರು ನನ್ನ ಶೈಕ್ಷಣಿಕ ಹಿತಕ್ಕಾಗಿ ನನ್ನನ್ನು ಇವತ್ತು ಶಾಲೆ ಬಿಡಿಸುತ್ತಿದ್ದಾರೆ. ಧನ್ಯವಾದಗಳು.”

ಎಂಟನೆಯವರು ರೂಢಿಯಂತೆ ಚಪ್ಪಾಳೆ ತಟ್ಟಿಬಿಟ್ಟರು. ಒಂಬತ್ತನೆಯವರು ಅರ್ಧ ತಟ್ಟಿ ನಿಲ್ಲಿಸಿದರು. ಹತ್ತನೆಯವರು ತಟ್ಟಲಿಲ್ಲ.

ಅವಳ ಮುಖ ನೋಡಿದೆ. ಕುಹಕ ಇರಲಿಲ್ಲ, ಹಟ ಇರಲಿಲ್ಲ. ಹೆಡ್‌ಮಾಸ್ಟರ ಕೋಣೆಯಲ್ಲಿ ಮತ್ತೆ ಮತ್ತೆ ಕೇಳಿದ ಪದ ಅದು. ಅರ್ಥ ಗೊತ್ತಿರಲಿಲ್ಲ, ಕೇಳಿ ತಿಳಿದುಕೊಂಡಿದ್ದಳು. ಅವರು ಹೇಗೆ ಬಳಸಿದ್ದರೋ ಹಾಗೇ ಬಳಸಿದ್ದಳು. ವನಜಾಕ್ಷಿ ಮೇಡಂ ಸೆರಗು ಬಾಯಿಗೆ ಒತ್ತಿಕೊಂಡು ಅಳುತ್ತಿದ್ದರು. ಚಂದ್ರಶೇಖರಯ್ಯನವರ ಮುಖ ಬಿಳಿಚಿಕೊಂಡಿತ್ತು.

ಓಬಳಮ್ಮ ಮರದ ಕೆಳಗಿಂದ ಎದ್ದು ಬಂದಳು. “ಏನಂದ್ಲು ಸಾರೂ ನಮ್ಮುಡುಗಿ? ಎಲ್ರೂ ಯಾಕಿಂಗೆ ನಿಂತ್ಬುಟ್ರು?” ಅಂತ ನನ್ನನ್ನು ಕೇಳಿದಳು. ನಾನು ಅಷ್ಟನ್ನೂ ಸುಲಭದ ಮಾತಿನಲ್ಲಿ ಹೇಳಿದೆ. ಕಲಿಯೋಕೆ ಒಳ್ಳೇದಾಗ್ಲಿ ಅಂತ ಇವಳನ್ನ ಕಲಿಯೋ ಜಾಗದಿಂದ ಕಳಿಸ್ತಾವ್ರೆ, ಹಂಗಂದ್ಲು, ಅಂದೆ. ಓಬಳಮ್ಮ ಸೀದಾ ಹೆಡ್‌ಮಾಸ್ಟರ ಮುಂದೆ ಹೋಗಿ ನಿಂತಳು.

“ಇದೆಂಗ್ ಸಾರೂ? ಕಲೀನಿಲ್ಲ ಅಂದ್ರೆ ಇನ್ನೂ ಒಸಿ ಕಲ್ಸಿ. ಮನೀಗ್ ಯಾಕ್ ಕಳಿಸ್ತೀರಿ? ನಂಗ್ಯಾವ ಟಿ.ಸಿ.ನೂ ಬ್ಯಾಡ.”

ಚಂದ್ರಶೇಖರಯ್ಯನವರು ಸುತ್ತ ಒಮ್ಮೆ ನೋಡಿದರು. ಸಾಲಿನಲ್ಲಿ ನಿಂತ ಅಷ್ಟೂ ಮಕ್ಕಳು ಅವರನ್ನೇ ನೋಡುತ್ತಿದ್ದರು. ತಿರುಗಿ ಒಳಗೆ ಹೋದರು. ನಾನು ವಿಷಲ್ ಊದಿದೆ. ತರಗತಿಗಳು ಒಂದೊಂದಾಗಿ ಒಳಗೆ ನಡೆದವು, ಹತ್ತನೆಯವರ ಜೊತೆ ಶ್ರಾವಣಿಯೂ ನಡೆದಳು.

ಮಧ್ಯಾಹ್ನ ನನಗೆ ಕರೆ ಬಂತು. “ನೀವೇ ಹೇಳ್ಕೊಟ್ಟಿದ್ದು! ಶಾಲೆಯ ಶೈಕ್ಷಣಿಕ ವಾತಾವರಣ ಹಾಳು ಮಾಡಿದ್ರಿ!” ಅಂತ ಕೂಗಾಡಿದರು. “ನಾನು ಹೇಳ್ಕೊಟ್ಟಿದ್ರೆ ಅಷ್ಟು ಚೆನ್ನಾಗಿ ಹೇಳ್ತಿರ್ಲಿಲ್ಲ ಸಾರ್,” ಅಂದೆ. ಅಲ್ಲಿಂದ ಮುಂದೆ ಅವರು ನನ್ನ ಜೊತೆ ಮಾತು ಬಿಟ್ಟರು. ಹೇಳಬೇಕಾದ್ದನ್ನು ಅಟೆಂಡರ್ ಕೈಲಿ ಹೇಳಿಸುತ್ತಿದ್ದರು.

ಶ್ರಾವಣಿ ನಮ್ಮ ಶಾಲೆಯಿಂದಲೇ ಪರೀಕ್ಷೆ ಬರೆದಳು. ಗಣಿತದಲ್ಲಿ ಫೇಲಾದಳು. ಅವಳೊಬ್ಬಳೇ ಫೇಲು. ಶೇಕಡಾ ನೂರು ತಪ್ಪಿತು. ಚಂದ್ರಶೇಖರಯ್ಯನವರನ್ನು ಸಭೆಯಲ್ಲಿ ಎದ್ದು ನಿಲ್ಲಿಸಿದರಂತೆ. ಪಿ.ಟಿ. ಮೇಷ್ಟ್ರ ಅಧಿಕಪ್ರಸಂಗದಿಂದ ಹೀಗಾಯಿತು ಅಂತ ಅಲ್ಲಿ ಹೇಳಿದರಂತೆ. ಹೇಳಲಿ. ಫಲಿತಾಂಶದ ದಿನ ಶ್ರಾವಣಿ ನನ್ನ ಹತ್ತಿರ ಬಂದು ತಲೆ ತಗ್ಗಿಸಿ, “ನಿಮಗೆ ಕೆಟ್ಟ ಹೆಸ್ರು ತಂದ್ಬುಟ್ಟೆ ಸಾರ್,” ಅಂದಳು. “ಲೇ, ನನಗ್ಯಾವ ಕೆಟ್ಟ ಹೆಸ್ರು? ನಾನು ಶೈಕ್ಷಣಿಕ ಅಲ್ಲ ಕಣಮ್ಮ,” ಅಂದೆ. ಮೊದಲ ಸಲ ಅವಳು ಜೋರಾಗಿ ನಕ್ಕಿದ್ದು ನೋಡಿದೆ. ಪೂರಕ ಪರೀಕ್ಷೆಯಲ್ಲಿ ಮತ್ತೆ ಫೇಲಾದಳು, ಅದರ ಮುಂದಿನದರಲ್ಲಿ ಪಾಸಾದಳು. ಗಣಿತದ ಮೇಷ್ಟ್ರು ಅಷ್ಟೂ ದಿನ ಸಂಜೆ ಕೂರಿಸಿಕೊಂಡು ಹೇಳಿಕೊಟ್ಟರು, ಅದನ್ನೂ ಹೇಳಬೇಕು. ಅಷ್ಟರೊಳಗೆ ಮಡಕಶಿರಾದವರು ಕಾಯಲಾರದೆ ಬೇರೆ ಕಡೆ ಹೆಣ್ಣು ನೋಡಿಕೊಂಡರು. ಓಬಳಮ್ಮ ನನಗೊಂದು ಚೀಲ ಕಡಲೇಕಾಯಿ ತಂದುಕೊಟ್ಟಳು.

ಶ್ರಾವಣಿಯೇನೂ ದೊಡ್ಡ ಅಧಿಕಾರಿ ಆಗಲಿಲ್ಲ. ಸೋಲಾರ್‌ನಲ್ಲಿ ಗಾಜು ತೊಳೆಯುವ ಕೆಲಸಕ್ಕೆ ಹೋಗುತ್ತಾಳೆ. ತನ್ನ ದುಡಿಮೆಯಲ್ಲಿ ತಂಗಿಯನ್ನು ಓದಿಸುತ್ತಿದ್ದಾಳೆ. ಇನ್ನೂ ಮದುವೆಯಾಗಿಲ್ಲ, ಯಾವಾಗ ಅಂತ ತಾನೇ ಹೇಳುತ್ತಾಳಂತೆ.

ಇದನ್ನೆಲ್ಲ ಈಗ ಬರೆಯಲು ಕಾರಣವಿದೆ. ಇವತ್ತು ಮುಂಜಾನೆ ಐದಕ್ಕೆ ಫೋನು ಬಡಿದುಕೊಂಡಿತು. ಇಷ್ಟು ಹೊತ್ತಿಗೆ ಯಾರಪ್ಪಾ, ಯಾರಿಗೇನಾಯ್ತೋ ಅಂತ ಗಾಬರಿಯಿಂದ ಎತ್ತಿದೆ.

“ಸಾರ್, ಎದ್ರಾ? ನಾನು ಶ್ರಾವಣಿ.”

ತಂಗಿ ಸಿಂಧು ಈ ವರ್ಷ ಹತ್ತನೇ ತರಗತಿ. ಅದೇ ಶಾಲೆ. ಚಂದ್ರಶೇಖರಯ್ಯನವರು ಹೋಗಿ ಬೇರೆ ಹೆಡ್‌ಮಾಸ್ಟರು ಬಂದಿದ್ದಾರೆ. ಮೊನ್ನೆ ಓಬಳಮ್ಮನನ್ನು ಕರೆಸಿ ಕೂರಿಸಿಕೊಂಡು ಮೆತ್ತಗೆ ಮಾತಾಡಿದರಂತೆ. ಟಿ.ಸಿ. ತಗೊಂಡು ಪ್ರೈವೇಟಾಗಿ ಕಟ್ಟಲಿ ಅಂದರಂತೆ.

“ಅದೇ ಪದ ಸಾರ್,” ಅಂದಳು ಶ್ರಾವಣಿ.

ನನಗೆ ನಿದ್ದೆಗಣ್ಣಿನಲ್ಲೇ ರಕ್ತ ಕುದಿಯಿತು. ನಾಚಿಕೆಗೆಟ್ಟವರು! ಒಬ್ಬರು ಹೋದರೆ ಇನ್ನೊಬ್ಬರು ಬಂದು ಅದೇ ಮಾತು ಆಡುತ್ತಾರಲ್ಲ! “ನಾನು ಬರ್ತೀನಿ ಇರಮ್ಮ. ಅವನ್ಯಾವನು ಹೆಡ್‌ಮಾಸ್ಟರು, ನಾನು ಕೇಳ್ತೀನಿ,” ಅಂದೆ.

“ಬ್ಯಾಡಿ ಸಾರ್, ಬೈಬ್ಯಾಡಿ. ನೀವು ಮಾಡಿದ್ದು ಇನ್ನೂ ನಡೀತಾ ಅದೆ. ಹಾಜರಿ ಪ್ರಕಾರ. ನಾಳೆ ಪ್ರಾರ್ಥನೆಲಿ ಸಿಂಧು ಸರದಿ.”

ಎದ್ದು ಕೂತೆ. “ಪದ ಯಾವುದು ಅಂತ ಹೇಳ್ಕೊಟ್ಟಿದೀಯಾ?”

“ಪದ ಹೇಳ್ಕೊಟ್ಟೆ ಸಾರ್, ಅರ್ಥಾನೂ ಹೇಳ್ಕೊಟ್ಟೆ.”

“ವಾಕ್ಯ?”

“ವಾಕ್ಯ ಅವಳೇ ಮಾಡ್ಕೊಂಡವ್ಳೆ ಸಾರ್. ನಂಗೂ ಹೇಳ್ಲಿಲ್ಲ. ಸ್ವಂತ ವಾಕ್ಯ ಅಲ್ವಾ ಸಾರ್?”

ನಾಳೆ ಪಾವಗಡದ ಕಡೆ ಹೋಗುವ ಮೊದಲನೇ ಬಸ್ಸಿಗೆ ಹೊರಡುತ್ತಿದ್ದೇನೆ. ಬೈಯುವುದಿಲ್ಲ ಅಂತ ಮಾತು ಕೊಟ್ಟಿದ್ದೇನೆ. ಗೇಟಿನ ಆಚೆ ನಿಂತು ಕೇಳುತ್ತೇನೆ, ಅಷ್ಟೇ.